ಮನೆಯೊಡೆಯನೂ ಕಟ್ಟಳೆಯೂ

ನಮ್ಮ ಊರುಗಳಲ್ಲಿ ಬಾಡಿಗೆಮನೆಯ ಅನುಭವವಿಲ್ಲದ ಸಂಸಾರ ಅಪರೂಪ. ಸ್ವಂತ ಮನೆಯಲ್ಲಿ ಹುಟ್ಟಿ ಬೆಳೆದವನೂ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಪರವೂರಿಗೆ ಹೋದಾಗ ಇನ್ನೊಬ್ಬರ ಸೂರಿನಡಿ ಕೆಲವು ವರ್ಷಗಳನ್ನು ಕಳೆದಿರುತ್ತಾನೆ. ಬಾಡಿಗೆಮನೆಯ ಕಷ್ಟಸುಖಗಳನ್ನು ಕುರಿತು ನಮ್ಮ ಹರಟೆಗಾರರೂ ನಾಟಕಕಾರರೂ ಬೇಕಾದಷ್ಟು ಬರೆದಿದ್ದಾರೆ. ಆ ಬರಹಗಳಲ್ಲಿ ಮನೆಯೊಡೆಯನದು ಸಾಮಾನ್ಯವಾಗಿ ಒಂದೇ ಬಗೆಯ ಪಾತ್ರ. ತಿಂಗಳ ಮೊದಲ ವಾರದಲ್ಲಿ ತಪ್ಪದೆ ಬಾಗಿಲಲ್ಲಿ ಕಾಣಿಸಿಕೊಳ್ಳುವವನು ಅವನು. ಬಾವಿಯ ನೀರನ್ನೂ ದೀಪದ ಬೆಳಕನ್ನೂ ಲೆಕ್ಕ ಹಾಕುವವನು. ಗೋಡೆಗೆ ಒಂದು ಮೊಳೆ ಹೊಡೆದರೆ ಮುನಿಯುವವನು. ಈ ಚಿತ್ರದಲ್ಲಿ ಸುಳ್ಳಿಲ್ಲ. ಆದರೆ ಇದು ಪೂರ್ತಿ ಚಿತ್ರವೂ ಅಲ್ಲ. ಬಾಡಿಗೆದಾರನ ಮೇಲೆ ಒಡೆಯನ ಅಧಿಕಾರ ಇದ್ದಂತೆ ಒಡೆಯನ ಮೇಲೂ ಒಂದು ಅಧಿಕಾರವುಂಟು. ಅದು ಕಟ್ಟಳೆಯ ಅಧಿಕಾರ. ಆ ಕಟ್ಟಳೆ ಎಲ್ಲಿಂದ ಬಂತು, ಯಾರ ಕಷ್ಟವನ್ನು ಕಂಡು ಹುಟ್ಟಿತು, ಅದನ್ನು ಪಾಲಿಸಿದವನು ಏನನ್ನು ಪಡೆದ, ಏನನ್ನು ಕಳೆದುಕೊಂಡ ಎಂಬುದನ್ನು ಸ್ವಲ್ಪ ವಿಚಾರಮಾಡಿ ನೋಡೋಣ.

ಈ ಚರಿತ್ರೆಯ ಬಹು ಹಳೆಯ ಪುಟವೊಂದು ಲೋಕಕ್ಕೆ ಮರಳಿ ದೊರೆತದ್ದು ನಮ್ಮ ಮೈಸೂರಿನಲ್ಲಿಯೇ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದಿದ್ದ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಶಾಸ್ತ್ರಿಗಳ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಹೊರಬಂತು. ರಾಜನೀತಿ, ಗೂಢಚಾರರು, ಕೋಟೆ ಕೊತ್ತಲಗಳು, ಸಂಧಿವಿಗ್ರಹಗಳು, ಇವುಗಳ ಕಡೆಗೇ ವಿದ್ವಾಂಸರ ಕಣ್ಣು ಹರಿದದ್ದು ಸಹಜ. ಆದರೆ ಆ ಗ್ರಂಥದ ಮೂರನೆಯ ಅಧಿಕರಣವಾದ ‘ಧರ್ಮಸ್ಥೀಯ’ದಲ್ಲಿ ಮನೆವಾರ್ತೆಯ ಸಣ್ಣ ಸಣ್ಣ ವ್ಯಾಜ್ಯಗಳಿಗೂ ಜಾಗವಿದೆ. ಒಬ್ಬನ ಬಚ್ಚಲ ನೀರು ಇನ್ನೊಬ್ಬನ ಗೋಡೆಗೆ ತಾಗಬಾರದು, ಎರಡು ಮನೆಗಳ ನಡುವೆ ಇಷ್ಟು ಅಂತರ ಬಿಡಬೇಕು, ಕಿಟಕಿಯನ್ನು ಎಲ್ಲಿ ಇಡಬೇಕು ಎಂಬ ವಿವರಗಳ ನಡುವೆಯೇ ಬಾಡಿಗೆಯ ಮಾತೂ ಬರುತ್ತದೆ.

ಅಲ್ಲಿ ಕೌಟಿಲ್ಯ ವಿಧಿಸುವುದು ಇಷ್ಟು. ಬಿಡು ಎಂದು ಹೇಳಿದ ಮೇಲೂ ಮನೆಯಲ್ಲಿ ಕುಳಿತಿರುವ ಬಾಡಿಗೆದಾರನಿಗೆ ಹನ್ನೆರಡು ಪಣ ದಂಡ. ಬಾಡಿಗೆಯನ್ನು ಸಲ್ಲಿಸಿರುವವನನ್ನು ಹೊರಹಾಕುವ ಒಡೆಯನಿಗೂ ಅದೇ ಹನ್ನೆರಡು ಪಣ ದಂಡ. ಬಾಡಿಗೆದಾರ ಹಿಂಸೆ, ಕಳವು, ಅಪಹರಣಗಳಂಥ ದುಷ್ಕೃತ್ಯಗಳಲ್ಲಿ ತೊಡಗಿದ್ದರೆ, ಅಥವಾ ಸುಳ್ಳು ಹಕ್ಕಿನಿಂದ ಮನೆಯನ್ನು ಅನುಭವಿಸುತ್ತಿದ್ದರೆ ಮಾತ್ರ ಒಡೆಯನಿಗೆ ಈ ದಂಡವಿಲ್ಲ. ತಾನಾಗಿಯೇ ನಡುವೆ ಬಿಟ್ಟುಹೋಗುವ ಬಾಡಿಗೆದಾರನು ವರ್ಷದ ಉಳಿದ ಬಾಡಿಗೆಯನ್ನು ಕೊಟ್ಟು ಹೋಗತಕ್ಕದ್ದು. ಈ ವಿಧಿ ಯಾವ ಊರಿನಲ್ಲಿ, ಎಷ್ಟು ಕಾಲ ಆಚರಣೆಯಲ್ಲಿತ್ತು ಎಂಬ ಚರ್ಚೆ ಬೇರೆ. ಗಮನಿಸಬೇಕಾದದ್ದು ಅದರ ತೂಕ. ತಪ್ಪು ಯಾರದೇ ಆಗಲಿ, ದಂಡ ಒಂದೇ. ಮನೆ ಯಾರದು ಎಂಬ ಪ್ರಶ್ನೆಯ ಜೊತೆಗೆ, ಸಲ್ಲಬೇಕಾದದ್ದು ಸಂದಿದೆಯೇ ಎಂಬ ಪ್ರಶ್ನೆಯನ್ನೂ ಅವನು ಇಟ್ಟಿದ್ದಾನೆ. ಬಾಡಿಗೆ ಸಂದಾಯವಾಗಿದ್ದರೆ ಮನೆ ತನ್ನದೇ ಆಗಿದ್ದರೂ ಒಡೆಯ ಕೈಹಿಡಿದು ಹೊರಗೆ ನೂಕುವಂತಿಲ್ಲ. ಈ ಹನ್ನೆರಡು ಪಣವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಬ್ರಿಟಿಷರ ಆಳ್ವಿಕೆಯಲ್ಲಿ ಈ ಸಂಬಂಧಕ್ಕೆ ಹೊಸ ರೂಪ ಕೊಟ್ಟದ್ದು 1882ರ ಸ್ವತ್ತು ಹಸ್ತಾಂತರ ಅಧಿನಿಯಮ. ಅದರ ದೃಷ್ಟಿಯಲ್ಲಿ ಬಾಡಿಗೆಯೆಂಬುದು ಇಬ್ಬರು ಸ್ವತಂತ್ರ ವ್ಯಕ್ತಿಗಳ ನಡುವಣ ಕರಾರು. ಒಡೆಯ ಮನೆಯ ಗುಪ್ತ ದೋಷಗಳನ್ನು ಮುಚ್ಚಿಡಬಾರದು, ಸ್ವಾಧೀನವನ್ನು ಕೊಡಬೇಕು, ಬಾಡಿಗೆ ಸಲ್ಲುತ್ತಿರುವವರೆಗೆ ಬಾಡಿಗೆದಾರನ ನೆಮ್ಮದಿಗೆ ಭಂಗ ತರಬಾರದು. ಬಾಡಿಗೆದಾರನು ಕಾಲಕ್ಕೆ ಸರಿಯಾಗಿ ಹಣ ಕೊಡಬೇಕು, ಮನೆಯನ್ನು ಕೆಡಿಸಬಾರದು. ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಿಕೊಳ್ಳಲು ಹದಿನೈದು ದಿನಗಳ ನೋಟೀಸು ಸಾಕು. ಬಾಡಿಗೆ ಎಷ್ಟಿರಬೇಕು ಎಂಬ ವಿಷಯದಲ್ಲಿ ಆ ಕಾಯಿದೆ ಮೌನ. ಅದನ್ನು ಪೇಟೆಯೇ ನಿರ್ಧರಿಸಬೇಕು. ಊರಿನಲ್ಲಿ ಮನೆಗಳು ಸಾಕಷ್ಟಿದ್ದ ಕಾಲಕ್ಕೆ ಇದು ಒಪ್ಪುವ ಮಾತೇ. ಆದರೆ ಮನೆ ಹುಡುಕುವವರು ನೂರು ಜನ, ಖಾಲಿ ಮನೆಗಳು ಹತ್ತು ಎಂದಾದಾಗ, ಹೆಂಡತಿ ಮಕ್ಕಳೊಂದಿಗೆ ಬಾಗಿಲಲ್ಲಿ ನಿಂತವನು ಎಷ್ಟರ ಮಟ್ಟಿಗೆ ಸ್ವತಂತ್ರ ಎಂಬ ಪ್ರಶ್ನೆ ಏಳುತ್ತದೆ.

ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಹೆಂಗಸರು. ಮೊದಲನೆಯ ಮಹಾಯುದ್ಧ ಆರಂಭವಾದಾಗ ಅಲ್ಲಿನ ಹಡಗುಕಟ್ಟೆಗಳಿಗೂ ಮದ್ದುಗುಂಡಿನ ಕಾರ್ಖಾನೆಗಳಿಗೂ ಸಾವಿರಾರು ಕೆಲಸಗಾರರು ಬಂದು ಸೇರಿದರು. ಮನೆಗಳು ಇದ್ದಷ್ಟೇ ಇದ್ದವು. ಗಂಡಸರು ರಣರಂಗದಲ್ಲಿದ್ದಾಗ ಮನೆಯೊಡೆಯರು ಬಾಡಿಗೆಯನ್ನು ಏರಿಸಿದರು. 1915ರಲ್ಲಿ ಗೋವನ್ ಬಡಾವಣೆಯ ಮೇರಿ ಬಾರ್ಬರ್ ಎಂಬ ಗೃಹಿಣಿಯ ಮುಂದಾಳುತನದಲ್ಲಿ ಹೆಂಗಸರು ಏರಿಸಿದ ಬಾಡಿಗೆಯನ್ನು ಕೊಡುವುದಿಲ್ಲವೆಂದು ನಿಂತರು. ಮನೆ ಬಿಡಿಸಲು ಅಮೀನರು ಬಂದರೆ ಒಬ್ಬಳು ಗಂಟೆ ಬಾರಿಸುವಳು; ಕೇಳಿದವರೆಲ್ಲ ಕೈಯ ಕೆಲಸವನ್ನು ಬಿಟ್ಟು ಓಡಿಬಂದು ಮೆಟ್ಟಿಲುಗಳನ್ನು ತುಂಬಿ ನಿಲ್ಲುವರು; ಹಿಟ್ಟಿನ ಪೊಟ್ಟಣಗಳು ಅಮೀನರ ಮೇಲೆ ಬೀಳುವವು. ನವೆಂಬರ್ 17ರಂದು ಕೆಲವು ಬಾಡಿಗೆದಾರರ ಮೇಲಿನ ದಾವೆ ನ್ಯಾಯಾಲಯದ ಮುಂದೆ ಬಂದಾಗ ಕಾರ್ಖಾನೆಗಳ ಕೆಲಸಗಾರರೂ ಬೀದಿಗಿಳಿದರು. ದಾವೆ ನಿಂತುಹೋಯಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಬ್ರಿಟಿಷ್ ಸಂಸತ್ತು ಶಾಸನವೊಂದನ್ನು ಮಾಡಿ ಸಾಧಾರಣ ಮನೆಗಳ ಬಾಡಿಗೆಯನ್ನು ಯುದ್ಧ ಆರಂಭವಾದಾಗ ಇದ್ದ ಮಟ್ಟಕ್ಕೆ ಕಟ್ಟಿಹಾಕಿತು.

ಕೌಟಿಲ್ಯನ ಇಂಗ್ಲಿಷ್ ಅನುವಾದ ಹೊರಬಂದ ವರ್ಷವೂ ಅದೇ 1915. ಕಾಕತಾಳೀಯವೇ ಸರಿ, ಆದರೂ ಅರ್ಥಗರ್ಭಿತವಾದ ಕಾಕತಾಳೀಯ. ಆ ಬ್ರಿಟಿಷ್ ಶಾಸನದ ಇನ್ನೊಂದು ಅಂಶವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಅದು ಒಡೆಯನ ಬಾಡಿಗೆಯನ್ನು ಮಾತ್ರ ಕಟ್ಟಿಹಾಕಲಿಲ್ಲ. ಅವನು ಆ ಮನೆಯನ್ನು ಅಡವಿಟ್ಟು ತಂದಿದ್ದ ಸಾಲದ ಬಡ್ಡಿಯನ್ನೂ ಕಟ್ಟಿಹಾಕಿತು. ಒಡೆಯನ ಆದಾಯ ಏರಬಾರದು ಎನ್ನುವ ಸರ್ಕಾರ, ಅವನಿಗೆ ಸಾಲ ಕೊಟ್ಟವನ ಆದಾಯವೂ ಏರಬಾರದು ಎಂದಿತು. ಯುದ್ಧದ ಭಾರವನ್ನು ಒಬ್ಬನ ಹೆಗಲ ಮೇಲೇ ಹೊರಿಸಬಾರದು ಎಂಬ ಎಚ್ಚರ ಅಲ್ಲಿತ್ತು. ಈ ಕಾಯಿದೆ ಯುದ್ಧ ಮುಗಿದ ಆರು ತಿಂಗಳವರೆಗೆ ಮಾತ್ರ ಎಂದು ಗೊತ್ತುಮಾಡಿದ್ದರು. ಆದರೆ ಬಾಡಿಗೆಯ ನಿಯಂತ್ರಣ ಒಂದಲ್ಲ ಒಂದು ರೂಪದಲ್ಲಿ ಆ ದೇಶದಲ್ಲಿ ಏಳು ದಶಕಗಳಿಗೂ ಹೆಚ್ಚು ಕಾಲ ಉಳಿಯಿತು. ತಾತ್ಕಾಲಿಕವೆಂದು ಹುಟ್ಟಿ ಶಾಶ್ವತವಾಗಿ ಬಾಳುವುದು ಬಾಡಿಗೆ ಕಾಯಿದೆಗಳ ಜಾತಕದಲ್ಲೇ ಬರೆದಂತಿದೆ.

ಅದೇ ಯುದ್ಧದ ಬಿಸಿ ನಮ್ಮ ದೇಶದ ನಗರಗಳಿಗೂ ತಟ್ಟಿತು. ಮುಂಬಯಿಯಲ್ಲಿ 1918ರಲ್ಲಿಯೂ ಕಲ್ಕತ್ತೆಯಲ್ಲಿ 1920ರಲ್ಲಿಯೂ ಬಾಡಿಗೆ ನಿಯಂತ್ರಣದ ಶಾಸನಗಳು ಬಂದವು. ಎರಡನೆಯ ಮಹಾಯುದ್ಧ ಈ ನಿಯಂತ್ರಣವನ್ನು ಇನ್ನೂ ಹಲವು ಊರುಗಳಿಗೆ ಹರಡಿತು. ಬೆಂಗಳೂರನ್ನೇ ನೋಡಿ. ಯುದ್ಧಕಾಲದಲ್ಲಿ ದಂಡಿನ ಪ್ರದೇಶ ಸೈನಿಕರಿಂದ ತುಂಬಿತು. 1940ರ ಕೊನೆಯಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ಸ್ವಾತಂತ್ರ್ಯ ಬಂದಮೇಲೆ ದೂರವಾಣಿ ಕಾರ್ಖಾನೆ, ಯಂತ್ರೋಪಕರಣಗಳ ಕಾರ್ಖಾನೆ ಒಂದರ ಹಿಂದೊಂದು ಎದ್ದವು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ರಲ್ಲಿ 7 ಲಕ್ಷ 78 ಸಾವಿರವನ್ನು ದಾಟಿತು. ಹತ್ತು ವರ್ಷಗಳಲ್ಲಿ ಜನ ಹೆಚ್ಚುಕಡಿಮೆ ಇಮ್ಮಡಿಯಾದರು. ಮನೆಗಳು ಆ ವೇಗದಲ್ಲಿ ಏಳುವುದುಂಟೆ? ಮೈಸೂರು ರಾಜ್ಯದಲ್ಲಿ 1951ರಲ್ಲಿ ಮನೆಬಾಡಿಗೆ ಮತ್ತು ವಸತಿ ನಿಯಂತ್ರಣ ಅಧಿನಿಯಮ ಬಂದದ್ದು ಈ ಹಿನ್ನೆಲೆಯಲ್ಲಿ.

1956ರಲ್ಲಿ ಕನ್ನಡ ನಾಡು ಒಂದಾದಾಗ ಈ ವಿಷಯದಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ಧಾರವಾಡದ ಮನೆಯೊಡೆಯ ಪಾಲಿಸಬೇಕಾದದ್ದು 1947ರ ಮುಂಬಯಿ ಕಾಯಿದೆ. ಮಂಗಳೂರಿನವನು ಪಾಲಿಸಬೇಕಾದದ್ದು 1949ರ ಮದರಾಸು ಕಾಯಿದೆ. ಕಲಬುರ್ಗಿಯವನಿಗೆ 1954ರ ಹೈದರಾಬಾದು ಕಾಯಿದೆ. ಬೆಂಗಳೂರು ಮೈಸೂರುಗಳವನಿಗೆ 1951ರ ಮೈಸೂರು ಕಾಯಿದೆ. ಭಾಷೆ ಒಂದು, ಸರ್ಕಾರ ಒಂದು; ಬಾಡಿಗೆಯ ನ್ಯಾಯ ಮಾತ್ರ ಊರಿಗೊಂದು. ಈ ತೊಡಕನ್ನು ಬಿಡಿಸಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಳೆಯನ್ನು ತಂದದ್ದು 1961ರ ಬಾಡಿಗೆ ನಿಯಂತ್ರಣ ಅಧಿನಿಯಮ. ನಾಡಿನ ಏಕೀಕರಣವೆಂದರೆ ಭೂಪಟದ ಮೇಲೆ ಗೆರೆ ಎಳೆಯುವುದಷ್ಟೇ ಅಲ್ಲ, ಇಂಥ ನೂರಾರು ಶಾಸನಗಳ ಏಕೀಕರಣವೂ ಹೌದು ಎಂಬುದನ್ನು ನಮ್ಮ ಚರಿತ್ರೆಯ ಪುಸ್ತಕಗಳು ಹೇಳುವುದು ಕಡಿಮೆ.

ನಾಲ್ಕು ದಶಕಗಳ ಕಾಲ ಈ ರಾಜ್ಯದ ಮನೆಯೊಡೆಯರನ್ನು ಆಳಿದ ಆ ಕಾಯಿದೆ ಅವರಿಂದ ಏನನ್ನು ಬಯಸಿತು? ಕಾಯಿದೆಯ ಆ ಭಾಗ ಜಾರಿಯಲ್ಲಿದ್ದ ಊರುಗಳಲ್ಲಿ ಮನೆ ಖಾಲಿಯಾದರೆ ಹದಿನೈದು ದಿನಗಳೊಳಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಆ ಮನೆಯನ್ನು ಯಾರಿಗೆ ಕೊಡಬೇಕೆಂದು ಅಧಿಕಾರಿ ಗೊತ್ತುಮಾಡಬಹುದು. ಸರ್ಕಾರದ ಅಗತ್ಯಕ್ಕೆ ಅಲ್ಲಿ ಮೊದಲ ಮಣೆ. ನ್ಯಾಯವಾದ ಬಾಡಿಗೆ ಇಷ್ಟೆಂದು ಒಮ್ಮೆ ನಿರ್ಧಾರವಾದರೆ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ನೀರು, ದೀಪ ಮೊದಲಾದ ಅಗತ್ಯ ಅನುಕೂಲಗಳನ್ನು ಕಾರಣವಿಲ್ಲದೆ ಕಡಿಯುವಂತಿಲ್ಲ. ಮನೆ ಬಿಡಿಸಿಕೊಳ್ಳಬೇಕಾದರೆ ನ್ಯಾಯಾಲಯಕ್ಕೆ ಹೋಗಬೇಕು. ಕಾಯಿದೆ ಎಣಿಸಿಕೊಟ್ಟ ಕಾರಣಗಳಲ್ಲಿ ಒಂದನ್ನು ರುಜುವಾತುಪಡಿಸಬೇಕು. ಬಾಡಿಗೆಯ ಬಾಕಿ, ಒಳಬಾಡಿಗೆಗೆ ಕೊಟ್ಟದ್ದು, ಮನೆಯನ್ನು ಕೆಡವಿ ಕಟ್ಟುವುದು, ಸ್ವಂತ ವಾಸದ ಪ್ರಾಮಾಣಿಕ ಅಗತ್ಯ, ಇವೇ ಮುಂತಾದವು ಆ ಕಾರಣಗಳು.

ಸ್ವಂತಕ್ಕೆ ಬೇಕು ಎಂಬ ಕಾರಣವನ್ನು ಮುಂದಿಟ್ಟಾಗ ನ್ಯಾಯಾಲಯ ಇನ್ನೊಂದು ತಕ್ಕಡಿಯನ್ನೂ ಹಿಡಿಯಬೇಕಾಗಿತ್ತು. ಮನೆ ದೊರೆಯದಿದ್ದರೆ ಒಡೆಯನಿಗೆ ಆಗುವ ಕಷ್ಟ ಹೆಚ್ಚೋ, ಮನೆ ಬಿಟ್ಟರೆ ಬಾಡಿಗೆದಾರನಿಗೆ ಆಗುವ ಕಷ್ಟ ಹೆಚ್ಚೋ ಎಂದು ತೂಗಿ ನೋಡುವುದು. ಮನೆಯ ಒಂದು ಭಾಗವನ್ನು ಬಿಡಿಸಿದರೆ ಇಬ್ಬರಿಗೂ ಅನುಕೂಲವಾಗುವಂತಿದ್ದರೆ ಅಷ್ಟನ್ನೇ ಬಿಡಿಸುವುದೂ ಉಂಟಾಗಿತ್ತು. ಈ ವಿಧಿಯನ್ನು ಬರೆದವರ ಮನಸ್ಸಿನಲ್ಲಿ ಕರುಣೆಯಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಒಬ್ಬರ ಕಷ್ಟವನ್ನು ಇನ್ನೊಬ್ಬರ ಕಷ್ಟದೊಂದಿಗೆ ತೂಗುವ ತೂಕದ ಕಲ್ಲು ಯಾವ ನ್ಯಾಯಾಲಯದಲ್ಲಿಯೂ ಇಲ್ಲ. ನಿವೃತ್ತನಾಗಿ ಊರಿಗೆ ಹಿಂತಿರುಗಿದ ಗುಮಾಸ್ತನಿಗೆ ತನ್ನ ಜೀವಮಾನದ ಉಳಿತಾಯದಿಂದ ಕಟ್ಟಿದ ಮನೆ ಬೇಕು. ಆ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಇರುವ ಸಂಸಾರಕ್ಕೆ ಅದೇ ಬೀದಿಯ ಶಾಲೆ, ಅದೇ ಬೀದಿಯ ಅಂಗಡಿಯ ಲೆಕ್ಕ, ಅದೇ ಬೀದಿಯ ನಂಟು ಬೇಕು. ಇಬ್ಬರೂ ಬಡವರೇ. ಇಬ್ಬರ ಮಾತೂ ನಿಜವೇ. ಇಂಥ ದಾವೆಗಳು ಕೆಳಗಿನ ನ್ಯಾಯಾಲಯದಿಂದ ಉಚ್ಚ ನ್ಯಾಯಾಲಯದವರೆಗೆ ವರ್ಷಾನುಗಟ್ಟಲೆ ನಡೆದವು.

ಕಟ್ಟಳೆ ಹೀಗೆ ಬಿಗಿಯಾದಾಗ ಜನ ಅದಕ್ಕೆ ಹೇಗೆ ಹೊಂದಿಕೊಂಡರು? ಕಾನೂನಿನ ಪುಸ್ತಕದಲ್ಲಿ ಕಾಣದ ಚರಿತ್ರೆ ಇಲ್ಲಿಂದ ಮುಂದಿನದು. ಖಾಲಿಯಾದ ಮನೆಯ ಸುದ್ದಿ ಅಧಿಕಾರಿಗೆ ಮುಟ್ಟುವ ಮೊದಲೇ ಅದರಲ್ಲಿ ಹೊಸ ಸಂಸಾರದ ಒಲೆ ಹೊತ್ತುವುದು ಬಳಕೆಯಾಯಿತು. ಬಾಡಿಗೆದಾರನನ್ನು ‘ನಮ್ಮ ದೂರದ ನಂಟರು’ ಎಂದು ಪರಿಚಯಿಸುವುದು ಬಂತು. ಬಾಡಿಗೆ ಏರಿಸಲಾಗದ್ದರಿಂದ ಮುಂಗಡ ಏರಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಯಾವ ಶಾಸನವೂ ಹೇಳದ, ಎಲ್ಲರೂ ಒಪ್ಪಿದ ಕಟ್ಟಳೆಯಂತೆ ಬೇರೂರಿತು. ಮುಂಬಯಿಯಲ್ಲಿ ಇದೇ ‘ಪಗಡಿ’ ಎಂಬ ಹೆಸರಿನಿಂದ ನಡೆಯಿತು. ನಮ್ಮಲ್ಲಿ ‘ಭೋಗ್ಯ’ದ ಪದ್ಧತಿಯೂ ಉಂಟು: ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ಗೊತ್ತಾದ ವರ್ಷಗಳವರೆಗೆ ಇರುವುದು, ಬಿಡುವಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯುವುದು. ಒಡೆಯನಲ್ಲಿ ಆ ಹಣ ಉಳಿದಿದ್ದರೆ ಎಲ್ಲವೂ ಸರಿ. ಮಗಳ ಮದುವೆಗೋ ಹಳೆಯ ಸಾಲಕ್ಕೋ ಅದು ಖರ್ಚಾಗಿದ್ದರೆ ಹೊರಗೆ ಹೋಗಬೇಕಾದವನು ಹೋಗಲಾರ, ಒಳಗೆ ಬರಬೇಕಾದವನು ಬರಲಾರ.

ಹನ್ನೊಂದು ತಿಂಗಳ ಕರಾರು ಪತ್ರ ಎಂಬುದು ಇನ್ನೊಂದು ಸೋಜಿಗ. ಹನ್ನೊಂದೇ ಏಕೆ, ಹನ್ನೆರಡೇಕಲ್ಲ ಎಂದು ಅನೇಕರು ಕೇಳುತ್ತಾರೆ. 1908ರ ನೋಂದಣಿ ಅಧಿನಿಯಮದ ಪ್ರಕಾರ ಒಂದು ವರ್ಷಕ್ಕೆ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿಪತ್ರವನ್ನು ನೋಂದಾಯಿಸಲೇಬೇಕು. ನೋಂದಣಿಯೆಂದರೆ ಶುಲ್ಕ, ಕಚೇರಿಯ ಅಲೆದಾಟ. ಹನ್ನೊಂದು ತಿಂಗಳೆಂದು ಬರೆದರೆ ಇದೊಂದೂ ಇಲ್ಲ. ಹೀಗೆ ಹನ್ನೊಂದು ತಿಂಗಳ ಪತ್ರದ ಮೇಲೆ ಹನ್ನೆರಡು ವರ್ಷ ಇದ್ದವರು ನಮ್ಮ ನಡುವೆ ಎಷ್ಟೋ ಜನ. ಪತ್ರದ ಅವಧಿ ಮುಗಿಯಿತೆಂದ ಮಾತ್ರಕ್ಕೆ ಬಾಡಿಗೆದಾರ ಹೋಗಬೇಕಾಗಿಲ್ಲ ಎಂಬ ರಕ್ಷಣೆ ನಿಯಂತ್ರಣ ಕಾಯಿದೆಯಲ್ಲಿ ಇದ್ದುದರಿಂದ, ಆ ಪತ್ರ ಒಡೆಯ ತನಗೆ ತಾನೇ ಹೇಳಿಕೊಂಡ ಸಮಾಧಾನವಾಗಿತ್ತು.

ಇದಕ್ಕಿಂತ ಹಾನಿಕರವಾದದ್ದು ರಸೀದಿಯ ಲೋಪ. ರಸೀದಿ ಕೊಟ್ಟರೆ ಬಾಡಿಗೆದಾರನಿಗೆ ಹಕ್ಕು ಹುಟ್ಟುತ್ತದೆ ಎಂಬ ಭಯದಿಂದ ಕೊಡದಿದ್ದ ಒಡೆಯರು ಹಲವರು. ಆದರೆ ವ್ಯಾಜ್ಯ ಬಂದಾಗ, ಬಾಡಿಗೆ ಬಾಕಿಯಿದೆ ಎಂದು ಹೇಳಲು ಅವರಲ್ಲಿಯೂ ಲೆಕ್ಕವಿಲ್ಲ. ಬಾಡಿಗೆ ಕೊಟ್ಟೆನೆಂದು ಹೇಳಲು ಇವನಲ್ಲಿಯೂ ಚೀಟಿಯಿಲ್ಲ. ಸತ್ಯ ಇಬ್ಬರ ನಾಲಗೆಯ ಮೇಲೆ ಮಾತ್ರ ಉಳಿದು, ನ್ಯಾಯಾಧೀಶರು ಯಾರ ಮುಖ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ ಎಂದು ನೋಡಬೇಕಾದ ಪರಿಸ್ಥಿತಿ. ಕಟ್ಟಳೆಯನ್ನು ತಪ್ಪಿಸಿದವನು ಕಟ್ಟಳೆಯ ಆಸರೆಯನ್ನೂ ಕಳೆದುಕೊಳ್ಳುತ್ತಾನೆ ಎಂಬುದಕ್ಕೆ ಒಂದು ಕಾಗದದ ಚೂರಿಗಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಕಟ್ಟಳೆಯನ್ನು ತಪ್ಪದೆ ಪಾಲಿಸಿದವನ ಕತೆಯನ್ನೂ ಹೇಳಬೇಕು. ಇಲ್ಲವಾದರೆ ಮಾತು ಏಕಪಕ್ಷೀಯವಾದೀತು. ಮುಂಬಯಿಯ 1947ರ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರಂದು ಇದ್ದ ಮಟ್ಟಕ್ಕೆ ಕಟ್ಟಿಹಾಕಿತು. ಸುಣ್ಣ, ಇಟ್ಟಿಗೆ, ಮರ, ಕೂಲಿ ಎಲ್ಲವೂ ಹತ್ತಾರು ಪಟ್ಟು ಏರಿದರೂ ಬಾಡಿಗೆ ಅಲ್ಲಿಯೇ ನಿಂತಿತು. ಒಂದು ವರ್ಷದ ಬಾಡಿಗೆಯೆಲ್ಲವನ್ನೂ ಸುರಿದರೂ ಒಂದು ಮಳೆಗಾಲದ ರಿಪೇರಿಗೆ ಸಾಲದಾಯಿತು. ಒಡೆಯ ರಿಪೇರಿ ನಿಲ್ಲಿಸಿದ. ಮಳೆಗಾಲದಲ್ಲಿ ಹಳೆಯ ಚಾಳುಗಳು ಕುಸಿಯತೊಡಗಿದವು. ಅವುಗಳಡಿ ಸತ್ತವರು ಬಾಡಿಗೆದಾರರೇ. ಕೊನೆಗೆ 1969ರಲ್ಲಿ ಸರ್ಕಾರವೇ ರಿಪೇರಿಗಾಗಿ ಒಂದು ಮಂಡಲಿಯನ್ನು ಶಾಸನದ ಮೂಲಕ ಸ್ಥಾಪಿಸಿ, ಅದಕ್ಕಾಗಿ ಕಟ್ಟಡಗಳ ಮೇಲೆ ಕರ ಹಾಕಬೇಕಾಯಿತು. ಬಾಡಿಗೆದಾರನನ್ನು ಉಳಿಸಲು ಹುಟ್ಟಿದ ಕಟ್ಟಳೆ ಅವನ ತಲೆಯ ಮೇಲಿನ ಸೂರನ್ನೇ ಉಳಿಸಲಾರದೆ ಹೋದದ್ದು ಈ ಚರಿತ್ರೆಯ ದುರಂತ. 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯವನ್ನು ವಿಚಾರಿಸಿ, ಹುಟ್ಟಿದಾಗ ನ್ಯಾಯವಾಗಿದ್ದ ವಿಧಿಯೂ ಕಾಲ ಕಳೆದಂತೆ ಅನ್ಯಾಯವಾಗಬಹುದು ಎಂಬ ತತ್ತ್ವವನ್ನು ಎತ್ತಿಹಿಡಿಯಿತು.

ದಿಲ್ಲಿಯ ಕತೆ ಇನ್ನೊಂದು ಬಗೆಯದು. ಅಲ್ಲಿನ 1958ರ ಕಾಯಿದೆಗೆ 1988ರಲ್ಲಿ ತಿದ್ದುಪಡಿ ತಂದು, ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ನಿಯಂತ್ರಣದಿಂದ ಹೊರಗಿಟ್ಟರು. ಉಳಿದವುಗಳಿಗಾಗಿ 1995ರಲ್ಲಿ ಹೊಸ ಕಾಯಿದೆಯನ್ನೇ ಮಾಡಿದರು. ಸಂಸತ್ತು ಒಪ್ಪಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು; ಆದರೆ ಅದು ಜಾರಿಗೆ ಬರಲೇ ಇಲ್ಲ. ಹಳೆಯ ಬಾಡಿಗೆದಾರರು, ಅದರಲ್ಲಿಯೂ ಅಂಗಡಿಕಾರರು, ಎದ್ದುನಿಂತು ವಿರೋಧಿಸಿದರು. ಹೆತ್ತ ಮಗುವಿಗೆ ಹೆಸರಿಟ್ಟು ತೊಟ್ಟಿಲಲ್ಲಿ ಹಾಕದೆ ಬಿಟ್ಟಂತಾಯಿತು.

ನಮ್ಮ ರಾಜ್ಯ ಈ ಗಂಟನ್ನು ಬಿಡಿಸಲು ಮಾಡಿದ ಪ್ರಯತ್ನ 1999ರ ಕರ್ನಾಟಕ ಬಾಡಿಗೆ ಅಧಿನಿಯಮ. ಅದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಹೆಸರಿನಲ್ಲಿದ್ದ ‘ನಿಯಂತ್ರಣ’ ಎಂಬ ಮಾತು ಬಿದ್ದುಹೋದದ್ದನ್ನು ಗಮನಿಸಬೇಕು. ಕರಾರು ಬರಹದಲ್ಲಿರಬೇಕು ಎಂದಿತು. ಬಾಡಿಗೆಗೆ ರಸೀದಿ ಕೊಡಬೇಕು ಎಂದಿತು. ಒಡೆಯ ಬಾಡಿಗೆಯನ್ನು ಸ್ವೀಕರಿಸಲು ಒಪ್ಪದಿದ್ದರೆ ಅದನ್ನು ಅಧಿಕಾರಿಯಲ್ಲಿ ಠೇವಣಿ ಇಡುವ ದಾರಿಯನ್ನು ತೋರಿಸಿತು. ಬಾಡಿಗೆದಾರ ಸತ್ತರೆ ಅವನ ಮನೆಯವರಿಗೆ ಬಾಡಿಗೆಯ ಹಕ್ಕು ಐದು ವರ್ಷಗಳವರೆಗೆ ಮಾತ್ರ ಎಂದು ಗೊತ್ತುಮಾಡಿತು. ವಿಧವೆಯರಿಗೆ, ವೃದ್ಧರಿಗೆ, ನಿವೃತ್ತರಾದ ನೌಕರರಿಗೆ, ಸೈನಿಕರಿಗೆ ತಮ್ಮ ಮನೆಯನ್ನು ಬೇಗ ಬಿಡಿಸಿಕೊಳ್ಳಲು ಪ್ರತ್ಯೇಕ ಅವಕಾಶವನ್ನು ಕಲ್ಪಿಸಿತು. ಮನೆಯೊಡೆಯರೆಂದರೆ ಸಿರಿವಂತರು ಎಂಬ ಹಳೆಯ ಕಲ್ಪನೆ ಇಲ್ಲಿ ಒಡೆಯಿತು. ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು ಅದರಿಂದಲೇ ಅಕ್ಕಿ ಬೇಳೆ ಕೊಳ್ಳುವ ವಿಧವೆಯೂ ಒಡೆಯಳೇ ಎಂಬ ಸತ್ಯ ಶಾಸನದ ಕಣ್ಣಿಗೆ ಬಿತ್ತು.

ಆದರೆ ಅದೇ ಕಾಯಿದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಕಡೆಗಳಲ್ಲಿ 2,000 ರೂಪಾಯಿ ಮೀರಿದ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂದು ಅದು ದೊಡ್ಡ ಮೊತ್ತ. ಇಂದು ಆ ಬಾಡಿಗೆಗೆ ಬೆಂಗಳೂರಿನಲ್ಲಿ ಮನೆ ಹುಡುಕುವುದೆಂದರೆ ಮರುಭೂಮಿಯಲ್ಲಿ ಕೆರೆ ಹುಡುಕಿದಂತೆ. ಹೀಗಾಗಿ ನಗರದ ಬಹುಪಾಲು ಮನೆಗಳು ಬಾಡಿಗೆ ಕಾಯಿದೆಯ ಹೊರಗೆ ಉಳಿದು, ಮತ್ತೆ 1882ರ ಶಾಸನದ ಮಡಿಲಿಗೆ ಮರಳಿವೆ. ಗ್ಲಾಸ್ಗೋದ ಹೆಂಗಸರು ಗಂಟೆ ಬಾರಿಸುವುದಕ್ಕೆ ಮೊದಲು ಎಲ್ಲಿದ್ದೆವೋ, ಒಂದು ಸುತ್ತು ಹಾಕಿ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿದ್ದೇವೆ.

2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ಈ ದಾರಿಯ ಈಚಿನ ಮೈಲಿಗಲ್ಲು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು. ಮನೆಯೊಳಗೆ ಬರಬೇಕಾದರೆ ಒಡೆಯ ಇಪ್ಪತ್ತನಾಲ್ಕು ಗಂಟೆ ಮೊದಲು ತಿಳಿಸಬೇಕು. ಜಗಳವಿದೆಯೆಂದು ನೀರು ದೀಪ ಕಡಿಯಬಾರದು. ಅವಧಿ ಮುಗಿದ ಮೇಲೂ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಇದು ಮಾದರಿ ಮಾತ್ರ. ವಸತಿಯ ವಿಷಯ ರಾಜ್ಯಗಳದಾದ್ದರಿಂದ ಆಯಾ ರಾಜ್ಯ ಶಾಸನ ಮಾಡಿದರೆ ಮಾತ್ರ ಇದಕ್ಕೆ ಜೀವ. ಆದರೆ ಇದರ ತಕ್ಕಡಿಯನ್ನು ನೋಡಿದಾಗ ಕೌಟಿಲ್ಯನ ಹನ್ನೆರಡು ಪಣ ನೆನಪಾಗದಿರದು. ಅತಿಯಾಗಿ ಕುಳಿತವನಿಗೂ ದಂಡ, ಅತಿಕ್ರಮಿಸಿದ ಒಡೆಯನಿಗೂ ತಡೆ. ನಡುವಣ ನೂರು ವರ್ಷಗಳಲ್ಲಿ ತಕ್ಕಡಿ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ವಾಲಿ, ಮತ್ತೆ ನಡುವನ್ನು ಹುಡುಕುತ್ತಿದೆ.

ಇಷ್ಟು ದೀರ್ಘವಾದ ಚರಿತ್ರೆಯಿಂದ ಇಂದಿನ ಮನೆಯೊಡೆಯ ಏನನ್ನು ಕಲಿಯಬಹುದು? ಕಟ್ಟಳೆಗಳು ಬದಲಾಗುತ್ತಲೇ ಇವೆ. ಮೊತ್ತಗಳು, ಅವಧಿಗಳು, ಅಧಿಕಾರಿಗಳ ಹೆಸರುಗಳು ಎಲ್ಲವೂ ಬದಲಾಗಿವೆ. ಆದರೆ ಕೆಲವು ಅಂಶಗಳು ಕಾಲದಿಂದ ಕಾಲಕ್ಕೆ ಮತ್ತೆ ಮತ್ತೆ ಬಂದಿವೆ. ಮಾತು ಬರಹದಲ್ಲಿರಲಿ ಎಂಬುದು ಒಂದು. ಪಡೆದ ಹಣಕ್ಕೆ ಚೀಟಿ ಇರಲಿ ಎಂಬುದು ಇನ್ನೊಂದು. ಮುಂಗಡವು ಬಾಡಿಗೆದಾರನ ಹಣ, ಅದು ಒಡೆಯನಲ್ಲಿರುವುದು ನಂಬಿಕೆಯ ಮೇಲೆ ಎಂಬುದು ಮತ್ತೊಂದು. ಬಿಡಿಸಬೇಕಾದರೆ ಮೊದಲು ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಬೀಗ ಒಡೆದೋ ಸಾಮಾನು ಬೀದಿಗೆ ಹಾಕಿಯೋ ಮನೆಯನ್ನು ವಶಪಡಿಸಿಕೊಳ್ಳಬಾರದು. ಹಕ್ಕಿಲ್ಲದವನಾಗಿದ್ದರೂ ನೆಲೆಯಾಗಿ ಕುಳಿತವನನ್ನು ಕಾನೂನಿನ ಮಾರ್ಗದಿಂದಲ್ಲದೆ ಹೊರಹಾಕುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1968ರಲ್ಲಿಯೂ 1989ರಲ್ಲಿಯೂ ಸ್ಪಷ್ಟಪಡಿಸಿದೆ. ಬಾಡಿಗೆ ಕಾಯಿದೆಯ ಒಳಗಿನ ಮನೆಗೂ ಹೊರಗಿನ ಮನೆಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ.

ಕಟ್ಟಳೆಯನ್ನು ಪಾಲಿಸುವುದೆಂದರೆ ದಂಡಕ್ಕೆ ಹೆದರುವುದು ಎಂದು ನಾವು ತಿಳಿಯುತ್ತೇವೆ. ಆದರೆ ಈ ಚರಿತ್ರೆಯಲ್ಲಿ ಕಾಣುವುದು ಬೇರೆ. ಒಡೆಯ ಹೊರಲಾರದಷ್ಟು ಭಾರದ ಕಟ್ಟಳೆಯನ್ನು ಸರ್ಕಾರ ಹೊರಿಸಿದಾಗ ಜನ ಅದರ ಸುತ್ತ ಒಳದಾರಿಗಳನ್ನು ಮಾಡಿಕೊಂಡರು; ಆ ಒಳದಾರಿಗಳಲ್ಲಿ ಹೆಚ್ಚು ನೊಂದವರು ಬಾಡಿಗೆದಾರರೇ. ಕಟ್ಟಳೆಯೇ ಇಲ್ಲದಿದ್ದಾಗ ಬಲವಿದ್ದವನ ಮಾತೇ ಕಟ್ಟಳೆಯಾಯಿತು. ಆಗಲೂ ನೊಂದವರು ಅವರೇ. ಆದುದರಿಂದ ಒಡೆಯನಿಗೆ ಪಾಲಿಸಲು ಸಾಧ್ಯವಾಗುವಂಥ ನ್ಯಾಯವನ್ನು ರೂಪಿಸುವುದು ಬಾಡಿಗೆದಾರನ ಹಿತಕ್ಕೂ ಅಗತ್ಯ. ಸರ್ಕಾರದ ಪಾಲಿನ ಕರ್ತವ್ಯ ಇದು. ಒಡೆಯನ ಪಾಲಿನ ಕರ್ತವ್ಯ ಇನ್ನೂ ಸರಳವಾದದ್ದು. ಗೋಡೆ ಅವನದು, ಸೂರು ಅವನದು, ನೆಲ ಅವನದು. ಆದರೆ ಆ ಗೋಡೆಗಳ ನಡುವೆ ನಡೆಯುವ ಬಾಳು ಇನ್ನೊಬ್ಬರದು. ಅಲ್ಲಿ ಯಾರದೋ ಮಗು ಅಕ್ಷರ ಕಲಿಯುತ್ತದೆ, ಯಾರದೋ ತಾಯಿ ಕಾಯಿಲೆಯಲ್ಲಿ ಮಲಗಿರುತ್ತಾಳೆ. ಬಾಡಿಗೆಗೆ ಕೊಟ್ಟದ್ದು ಕಲ್ಲು ಮಣ್ಣುಗಳನ್ನು. ತಿಂಗಳ ಕೊನೆಯಲ್ಲಿ ಪಡೆಯುವ ಹಣ ಮಾತ್ರ ಆ ಬಾಳಿನ ನೆಮ್ಮದಿಗೆ ಸಲ್ಲುವ ಬೆಲೆ. ಬೆಲೆಯನ್ನು ಪಡೆದ ಮೇಲೆ ನೆಮ್ಮದಿಯನ್ನು ಕೊಡದಿರುವುದು ಯಾವ ಕಾಲದ ಕಟ್ಟಳೆಗೂ ಒಪ್ಪಿಗೆಯಾಗಿಲ್ಲ.